ಯಂತ್ರಚಾಲಿತ ದೋಣಿಯ ನಿಯಂತ್ರಣಗಳು: ಸುರಕ್ಷಿತ ಹಾಗೂ ಮಿತವ್ಯಯದ ಚಾಲನೆ

ಮಹಾರಾಷ್ಟ್ರದ ಘಟ್ಟ ಪ್ರದೇಶದಲ್ಲಿ ಭಾರೀ ಮಳೆಯಾದಾಗ ಆಲಮಟ್ಟಿ ಹಾಗೂ ನಾರಾಯಣಪುರ ಜಲಾಶಯಗಳಿಂದ ಕೃಷ್ಣಾ ನದಿಗೆ ಹೆಚ್ಚಿನ ಪ್ರಮಾಣದ ನೀರನ್ನು ಹರಿಯಬಿಡುವುದು ಅನಿವಾರ್ಯವಾಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆಯು ಇಂತಹ ಸಂದರ್ಭಗಳಲ್ಲಿ ಹಲವು ಬಾರಿ ಮುಳುಗಿ, ನಡುಗಡ್ಡೆಯ ಗ್ರಾಮಗಳ ರಸ್ತೆ ಸಂಪರ್ಕ ಕಡಿದುಹೋಗಿದೆ. 2009 ಮತ್ತು 2019ರ ಪ್ರವಾಹಗಳನ್ನು ನದಿ ತೀರದ ಜನರು ಇನ್ನೂ ಮರೆತಿಲ್ಲ. ಅಂತಹ ದಿನಗಳಲ್ಲಿ ಹೆರಿಗೆಗೆ ಹೊರಟ ಗರ್ಭಿಣಿಗೂ, ಔಷಧಿಗಾಗಿ ಕಾದಿರುವ ವೃದ್ಧರಿಗೂ, ಮೇವಿಲ್ಲದೆ ನಿಂತ ದನಕರುಗಳಿಗೂ ದಡ ಸೇರಲು ಉಳಿಯುವ ಸಾಧನವೆಂದರೆ ದೋಣಿ ಮಾತ್ರ.

ಈ ಭಾಗದ ಅಂಬಿಗರು ತಲೆಮಾರುಗಳಿಂದ ಹರಿಗೋಲು ಮತ್ತು ತೆಪ್ಪಗಳನ್ನು ನಡೆಸಿದವರು. ನೀರಿನ ಬಣ್ಣವನ್ನು ನೋಡಿ ಆಳವನ್ನೂ, ನೊರೆಯನ್ನು ನೋಡಿ ಬಂಡೆಯನ್ನೂ ಗುರುತಿಸುವ ಅವರ ತಿಳಿವಳಿಕೆಗೆ ಸಮನಾದುದು ಯಾವ ಪುಸ್ತಕದಲ್ಲಿಯೂ ದೊರೆಯುವುದಿಲ್ಲ. ಆದರೆ ಹರಿಗೋಲಿಗೂ ಯಂತ್ರದ ದೋಣಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಹುಟ್ಟು ಹಾಕುವ ಕೈ ನಿಂತರೆ ಹರಿಗೋಲಿನ ಬಲವೂ ನಿಲ್ಲುತ್ತದೆ. ಎಂಜಿನ್ ಹಾಗಲ್ಲ, ಚಾಲಕನು ನೀರಿಗೆ ಬಿದ್ದರೂ ಅದು ಓಡುತ್ತಲೇ ಇರುತ್ತದೆ. ಬೈಕು ಅಥವಾ ಟ್ರ್ಯಾಕ್ಟರಿನಂತೆ ದೋಣಿಗೆ ಬ್ರೇಕ್ ಕೂಡ ಇರುವುದಿಲ್ಲ. ಆದುದರಿಂದ ದೋಣಿಯನ್ನು ವೇಗವಾಗಿ ಓಡಿಸುವ ಕಲೆಗಿಂತ, ಬಲವನ್ನು ಸಕಾಲದಲ್ಲಿ ತಗ್ಗಿಸುವ ಮತ್ತು ನಿಲ್ಲಿಸುವ ಅಭ್ಯಾಸವೇ ಚಾಲಕನ ಮೊದಲ ವಿದ್ಯೆಯಾಗಬೇಕು. ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ, ಕೈಹಿಡಿಕೆಯಿಂದ ತಿರುಗಿಸುವ ಎಂಜಿನ್ನನ್ನು, ಅಂದರೆ ಔಟ್‌ಬೋರ್ಡ್ ಎಂಜಿನ್ನನ್ನು ಗಮನದಲ್ಲಿಟ್ಟು ಈ ಲೇಖನದಲ್ಲಿ ವಿವರಗಳನ್ನು ನೀಡಲಾಗಿದೆ.

ಹೊರಡುವ ಮುನ್ನ

ಎಂಜಿನ್ನನ್ನು ದೋಣಿಗೆ ಕಚ್ಚಿಸುವ ಎರಡು ತಿರುಪುಗಳು ಅದುರುವಿಕೆಯಿಂದ ಸಡಿಲಗೊಳ್ಳುತ್ತವೆ. ಪ್ರತಿ ಬಾರಿಯೂ ಅವುಗಳನ್ನು ಬಿಗಿಗೊಳಿಸಿ, ಎಂಜಿನ್ನಿಗೆ ಒಂದು ಗಟ್ಟಿ ಹಗ್ಗವನ್ನು ಕಟ್ಟಿ ದೋಣಿಗೆ ಬಿಗಿಯತಕ್ಕದ್ದು. ದೋಣಿಯ ತಳದ ನೀರು ಹೊರಬಿಡುವ ರಂಧ್ರದ ಬೂಚು ಸ್ವಸ್ಥಾನದಲ್ಲಿದೆಯೇ ಎಂಬುದನ್ನು ಕೈಯಿಂದ ಮುಟ್ಟಿ ನೋಡಬೇಕು.

ಇಂಧನದ ಡಬ್ಬಿಯ ಮುಚ್ಚಳದ ಮೇಲೆ ಗಾಳಿಯಾಡುವ ಸಣ್ಣ ತಿರುಪು ಇರುತ್ತದೆ. ಅದನ್ನು ತೆರೆಯದೆ ಹೊರಟರೆ ಎಂಜಿನ್ ಆರಂಭದಲ್ಲಿ ಚೆನ್ನಾಗಿಯೇ ಓಡಿ, ಡಬ್ಬಿಯೊಳಗೆ ಗಾಳಿಯ ಒತ್ತಡ ತಗ್ಗಿದೊಡನೆ ನಡುಹೊಳೆಯಲ್ಲಿ ನಿಂತುಬಿಡುತ್ತದೆ. ಬಳಿಕ ಕೊಳವೆಯ ನಡುವಿನ ರಬ್ಬರ್ ಬುರುಡೆಯನ್ನು ಗಟ್ಟಿಯಾಗುವವರೆಗೆ ಒತ್ತಬೇಕು. ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನೊಂದಿಗೆ ಎಣ್ಣೆಯನ್ನು ಬೆರೆಸಬೇಕಾಗುತ್ತದೆ. ಐವತ್ತಕ್ಕೆ ಒಂದು ಪ್ರಮಾಣವೆಂದು ಕೈಪಿಡಿಯಲ್ಲಿ ಸೂಚಿಸಿದ್ದರೆ, ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ ಎಂದರ್ಥ. ಎಣ್ಣೆ ಕಡಿಮೆಯಾದರೆ ಎಂಜಿನ್ನಿನ ಒಳಭಾಗ ಸವೆದು ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಸ್ಪಾರ್ಕ್ ಪ್ಲಗ್ ಮಸಿಗಟ್ಟುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎಣ್ಣೆಗೆ ಪ್ರತ್ಯೇಕ ಸ್ಥಳವಿರುವುದರಿಂದ ಪೆಟ್ರೋಲಿಗೆ ಎಣ್ಣೆ ಬೆರೆಸಕೂಡದು.

ಗೇರು ನ್ಯೂಟ್ರಲ್‌ನಲ್ಲಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಎಂಜಿನ್ ಚಾಲೂ ಮಾಡತಕ್ಕದ್ದು. ಚಾಲೂ ಆದೊಡನೆ ಎಂಜಿನ್ನಿನ ಹಿಂಬದಿಯ ಸಣ್ಣ ರಂಧ್ರದಿಂದ ನೀರಿನ ಎಳೆ ಚಿಮ್ಮುತ್ತಿದೆಯೇ ಎಂದು ನೋಡಬೇಕು. ಎಂಜಿನ್ನನ್ನು ತಣ್ಣಗಿಡುವ ನೀರು ಒಳಗೆ ಹರಿಯುತ್ತಿದೆ ಎಂಬುದಕ್ಕೆ ಇದೇ ಸಾಕ್ಷಿ. ಪ್ರವಾಹದ ಕೆಸರು ನೀರಿನಲ್ಲಿ ಮರಳು, ಎಲೆ, ಪ್ಲಾಸ್ಟಿಕ್ ಹಾಳೆಗಳು ನೀರು ಹೀರುವ ಜಾಲರಿಯನ್ನು ಮುಚ್ಚಿಬಿಡುತ್ತವೆ. ಎಳೆ ಕಾಣಿಸದಿದ್ದರೆ ಎಂಜಿನ್ನನ್ನು ತಕ್ಷಣ ನಿಲ್ಲಿಸಿ ಜಾಲರಿಯನ್ನು ಶುಚಿಗೊಳಿಸಬೇಕು. ಎಂಜಿನ್ನನ್ನು ನೀರಿನಿಂದ ಮೇಲಕ್ಕೆತ್ತಿ ಪರೀಕ್ಷೆಗೆಂದು ಓಡಿಸುವುದು ಸಹ ಇದೇ ಕಾರಣದಿಂದ ಹಾನಿಕರ.

ನಿಲುಗಡೆ ಹುರಿ

ಎಂಜಿನ್ನಿನ ಗುಂಡಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಚಾಲಕನ ಮಣಿಕಟ್ಟಿಗೆ ಅಥವಾ ಲೈಫ್ ಜಾಕೆಟಿಗೆ ತೊಡಿಸುವ ಸುರುಳಿ ಹುರಿಯೇ ನಿಲುಗಡೆ ಹುರಿ. ಚಾಲಕನು ಜಾರಿ ಬಿದ್ದೊಡನೆ ಹುರಿ ಕಳಚಿ ಎಂಜಿನ್ ನಿಲ್ಲುತ್ತದೆ. ಈ ಹುರಿಯನ್ನು ಎಂಜಿನ್ನಿಗೆ ಮಾತ್ರ ಸಿಕ್ಕಿಸಿ ಕೈಗೆ ಕಟ್ಟದೆ ಹೊರಡುವುದು ಸಾಮಾನ್ಯ ತಪ್ಪು.

ಇದರ ಪರಿಣಾಮವನ್ನು ತಿಳಿಯುವುದು ಅಗತ್ಯ. ಹಿಡಿದ ಕೈ ತಪ್ಪಿದಾಗ ಎಂಜಿನ್ ತನ್ನಷ್ಟಕ್ಕೆ ಒಂದು ಬದಿಗೆ ವಾಲುತ್ತದೆ. ಆಗ ದೋಣಿಯು ವೃತ್ತಾಕಾರವಾಗಿ ಸುತ್ತಿ, ಬಿದ್ದವನಿದ್ದ ಸ್ಥಳಕ್ಕೇ ತಿರುಗಿ ಬರುತ್ತದೆ. ಈಜು ಬಲ್ಲವನಿಗೂ ತಿರುಗುತ್ತಿರುವ ಪಂಖದಿಂದ ತಪ್ಪಿಸಿಕೊಳ್ಳುವುದು ಕಷ್ಟ. ಈ ಅಪಾಯವನ್ನು ಮನಗಂಡೇ ಅಮೆರಿಕದ ಸರ್ಕಾರವು 26 ಅಡಿಗಿಂತ ಕಡಿಮೆ ಉದ್ದದ, ಹುರಿಯ ಸೌಲಭ್ಯವುಳ್ಳ ಯಂತ್ರದೋಣಿಗಳು ವೇಗವಾಗಿ ಚಲಿಸುವಾಗ ಚಾಲಕನು ಅದನ್ನು ಧರಿಸಿರಬೇಕೆಂದು 2021ರ ಏಪ್ರಿಲ್ 1ರಿಂದ ಕಡ್ಡಾಯಗೊಳಿಸಿದೆ. ಹುರಿ ಹರಿದಿದ್ದರೆ ಅದರ ಸ್ಥಾನದಲ್ಲಿ ತಂತಿಯ ತುಂಡನ್ನಾಗಲೀ ಕಡ್ಡಿಯನ್ನಾಗಲೀ ಸಿಕ್ಕಿಸಿ ದೋಣಿ ನಡೆಸಕೂಡದು. ಪ್ರತಿ ದೋಣಿಯಲ್ಲಿಯೂ ಒಂದು ಹೆಚ್ಚುವರಿ ಹುರಿ ಇರಬೇಕು. ಅದು ಇರುವ ಸ್ಥಳ ಚಾಲಕನ ಸಹಾಯಕನಿಗೂ ತಿಳಿದಿರಬೇಕು. ದೋಣಿ ಹೊರಡುವ ಮುನ್ನ ಹುರಿಯನ್ನು ಒಮ್ಮೆ ಎಳೆದು ಎಂಜಿನ್ ನಿಲ್ಲುವುದೇ ಎಂದು ಪರೀಕ್ಷಿಸತಕ್ಕದ್ದು.

ಗೇರು ಮತ್ತು ವೇಗದ ಹಿಡಿಕೆ

ಗೇರಿನಲ್ಲಿ ಮುಂದಕ್ಕೆ, ನ್ಯೂಟ್ರಲ್, ಹಿಂದಕ್ಕೆ ಎಂಬ ಮೂರು ಸ್ಥಾನಗಳಿರುತ್ತವೆ. ವೇಗದ ಹಿಡಿಕೆಯನ್ನು ಸಂಪೂರ್ಣ ತಗ್ಗಿಸಿದ ನಂತರವೇ ಗೇರು ಬದಲಿಸಬೇಕು. ಹೀಗೆ ಬದಲಿಸುವಾಗ ಕೈ ಅಳುಕಬಾರದು. ಮೆಲ್ಲಮೆಲ್ಲನೆ ತಳ್ಳಿದರೆ ಒಳಗಿನ ಹಲ್ಲುಗಳು ಒಂದಕ್ಕೊಂದು ಉಜ್ಜಿ ಕರಕರನೆ ಸದ್ದು ಮಾಡುತ್ತ ಸವೆಯುತ್ತವೆ. ಒಂದೇ ಬಾರಿಗೆ, ದೃಢವಾಗಿ ತಳ್ಳುವುದು ಸರಿಯಾದ ಕ್ರಮ. ವೇಗ ತಗ್ಗಿಸುವಾಗ ನಿಧಾನವಿರಲಿ, ಗೇರು ಹಾಕುವಾಗ ನಿರ್ಧಾರವಿರಲಿ ಎಂಬುದನ್ನು ಚಾಲಕರು ನೆನಪಿಡಬೇಕು.

ಮುಂದಕ್ಕೆ ಓಡುತ್ತಿರುವ ದೋಣಿಯನ್ನು ನಿಲ್ಲಿಸಲು ನೇರವಾಗಿ ಹಿಂದಿನ ಗೇರಿಗೆ ಹಾಕಕೂಡದು. ಮೊದಲು ವೇಗ ತಗ್ಗಿಸಿ, ನ್ಯೂಟ್ರಲ್‌ಗೆ ತಂದು, ಎರಡು ಉಸಿರಿನಷ್ಟು ಕಾಲ ತಡೆದು, ಬಳಿಕ ಹಿಂದಿನ ಗೇರನ್ನು ಬಳಸಬೇಕು. ವೇಗವನ್ನು ಹಠಾತ್ತನೆ ಇಳಿಸಿದರೆ ದೋಣಿಯೇ ಎಬ್ಬಿಸಿದ ಅಲೆಯು ಹಿಂದಿನಿಂದ ಬಂದು ಹಿಂಬದಿಯನ್ನು ಹತ್ತಿ ಒಳನುಗ್ಗುವುದುಂಟು. ಹೆಚ್ಚು ಜನರನ್ನು ಹೊತ್ತು ಹಿಂಬದಿ ತಗ್ಗಿದ ದೋಣಿಗೆ ಈ ಅಪಾಯ ಅಧಿಕ.

ಹೊರ ಎಂಜಿನ್ನಿನ ದೋಣಿಗೆ ಪ್ರತ್ಯೇಕ ಚುಕ್ಕಾಣಿ ಇರುವುದಿಲ್ಲ. ತಿರುಗುವ ಪಂಖವು ಯಾವ ದಿಕ್ಕಿಗೆ ನೀರನ್ನು ತಳ್ಳುತ್ತದೆಯೋ ಅದೇ ಚುಕ್ಕಾಣಿಯ ಕೆಲಸವನ್ನೂ ಮಾಡುತ್ತದೆ. ಆದುದರಿಂದ ನ್ಯೂಟ್ರಲ್‌ನಲ್ಲಿರುವ ದೋಣಿಯನ್ನು ತಿರುಗಿಸುವುದು ಬಹುತೇಕ ಅಸಾಧ್ಯ. ಅದು ನೀರಿನ ಸೆಳವಿನೊಂದಿಗೆ ಸಾಗುತ್ತದೆ. ದಡದ ಸಮೀಪದಲ್ಲಿ ಗೇರನ್ನು ಒಂದು ಕ್ಷಣ ಹಾಕಿ, ಮತ್ತೆ ನ್ಯೂಟ್ರಲ್‌ಗೆ ತಂದು, ದೋಣಿ ಎತ್ತ ಸಾಗುತ್ತಿದೆ ಎಂದು ನೋಡಿ, ಪುನಃ ಒಂದು ಕ್ಷಣ ಹಾಕುವ ಕ್ರಮವನ್ನು ಅನುಸರಿಸಬೇಕು. ಎಂಜಿನ್ನನ್ನು ಬೇಕಾದ ದಿಕ್ಕಿಗೆ ಮೊದಲು ತಿರುಗಿಸಿಕೊಂಡು ನಂತರ ಬಲ ಕೊಡಬೇಕೇ ಹೊರತು, ಬಲ ಕೊಟ್ಟ ಬಳಿಕ ದಿಕ್ಕನ್ನು ಹುಡುಕಬಾರದು.

ತಿರುಗಿಸುವ ಹಿಡಿಕೆ

ಹಿಡಿಕೆಯನ್ನು ಬಲಕ್ಕೆ ತಳ್ಳಿದರೆ ದೋಣಿಯ ಮುಂತುದಿ ಎಡಕ್ಕೂ, ಎಡಕ್ಕೆ ತಳ್ಳಿದರೆ ಬಲಕ್ಕೂ ತಿರುಗುತ್ತದೆ. ಬೈಕಿನ ಹ್ಯಾಂಡಲ್ ಹಿಡಿದು ರೂಢಿಯಾದ ಯುವಕರು ಗಾಬರಿಯ ಕ್ಷಣದಲ್ಲಿ ಇದನ್ನೇ ತಲೆಕೆಳಗು ಮಾಡುತ್ತಾರೆ. ಜನರಿಲ್ಲದ ದೋಣಿಯಲ್ಲಿ, ನಿಂತ ನೀರಿನಲ್ಲಿ, ಕೈ ತಾನಾಗಿಯೇ ಸರಿಯಾದ ಕಡೆಗೆ ಹೋಗುವವರೆಗೆ ಅಭ್ಯಾಸ ಮಾಡದೆ ಬೇರೆ ಉಪಾಯವಿಲ್ಲ.

ಎರಡನೆಯದಾಗಿ, ದೋಣಿಯು ಕಾರಿನಂತೆ ಮುಂಗಾಲಿಯಿಂದ ತಿರುಗುವುದಿಲ್ಲ. ಮುಂತುದಿ ಒಂದು ಕಡೆಗೆ ಹೊರಳಿದಾಗ ಹಿಂಬದಿಯು ಎದುರು ಕಡೆಗೆ ಬೀಸಿಕೊಂಡು ಹೋಗುತ್ತದೆ. ಕಟ್ಟೆಯ ಪಕ್ಕದಿಂದ ಹೊರಡುವಾಗ ಮುಂತುದಿಯನ್ನು ಒಮ್ಮೆಗೇ ಹೊರಕ್ಕೆ ತಿರುಗಿಸಿದರೆ ಪಂಖವಿರುವ ಹಿಂಬದಿ ಕಟ್ಟೆಯ ಮೆಟ್ಟಿಲಿಗೆ, ಅಥವಾ ಅಲ್ಲಿ ನೀರಿಗಿಳಿದು ನಿಂತವರ ಕಾಲಿಗೆ ಬಡಿಯುತ್ತದೆ. ಮೊದಲು ಜಲ್ಲೆಯಿಂದ ದೋಣಿಯನ್ನು ದೂರ ತಳ್ಳಿ, ಸುತ್ತ ಯಾರೂ ಇಲ್ಲವೆಂದು ನೋಡಿದ ನಂತರವೇ ಗೇರು ಹಾಕತಕ್ಕದ್ದು.

ವೇಗ, ಭಾರ ಮತ್ತು ಇಂಧನ

ಹಿಡಿಕೆಯನ್ನು ಪೂರ್ತಿ ತಿರುಗಿಸಿದರೆ ಬೇಗ ತಲುಪಬಹುದೆಂಬ ಭಾವನೆ ಭಾರ ಹೊತ್ತ ದೋಣಿಯ ವಿಷಯದಲ್ಲಿ ನಿಜವಲ್ಲ. ಅಂತಹ ದೋಣಿ ನೀರನ್ನು ಸೀಳಿಕೊಂಡೇ ಸಾಗಬೇಕು. ಒಂದು ಮಿತಿಯ ನಂತರ ಬಲವನ್ನು ಹೆಚ್ಚಿಸಿದಷ್ಟೂ ಮುಂತುದಿ ಮೇಲೇಳುತ್ತದೆ, ಹಿಂಬದಿ ಕುಸಿಯುತ್ತದೆ, ದೊಡ್ಡ ಅಲೆ ಏಳುತ್ತದೆ. ವೇಗ ಮಾತ್ರ ಅಷ್ಟಾಗಿ ಹೆಚ್ಚುವುದಿಲ್ಲ. ಇಂಧನವೆಲ್ಲ ಅಲೆ ಎಬ್ಬಿಸಲು ವ್ಯಯವಾಗುತ್ತದೆ. ಮುಂತುದಿ ಏಳುವುದು ಕಂಡೊಡನೆ ಹಿಡಿಕೆಯನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸಿ, ದೋಣಿ ಸಮತಟ್ಟಾದ ಹಂತದಲ್ಲಿ ನಿಲ್ಲಿಸಿದರೆ ಅದೇ ಮಿತವ್ಯಯದ ವೇಗ. ಇದರಿಂದ ಚಾಲಕನಿಗೆ ಮುಂದಿನ ನೀರೂ ಕಾಣಿಸುತ್ತದೆ.

ಜನರನ್ನು ಹಿಂಬದಿಯಲ್ಲಿ ಗುಂಪಾಗಿ ಕೂರಿಸದೆ ನಡುವೆ ಮತ್ತು ಎರಡೂ ಬದಿಗೆ ಸಮನಾಗಿ ಕೂರಿಸಬೇಕು. ಎಂಜಿನ್ ತೀರ ಒಳಕ್ಕೆ ವಾಲಿದ್ದರೆ ಮುಂತುದಿ ನೀರಿಗೆ ಇಳಿಯುತ್ತದೆ. ತೀರ ಹೊರಕ್ಕೆ ವಾಲಿದ್ದರೆ ಮುಂತುದಿ ಏಳುತ್ತದೆ, ಪಂಖವು ಗಾಳಿಯನ್ನು ಹೀರಿ ಸದ್ದು ಮಾತ್ರ ಮಾಡುತ್ತದೆ. ಎಂಜಿನ್ನಿನ ಬಾಗುವಿಕೆಯನ್ನು ನಿರ್ಧರಿಸುವ ಕೀಲನ್ನು ಸೂಕ್ತ ರಂಧ್ರದಲ್ಲಿ ಇಟ್ಟರೆ ಅದೇ ಪೆಟ್ರೋಲಿನಲ್ಲಿ ಹೆಚ್ಚು ದೂರ ಸಾಗಬಹುದು.

ಇಂಧನದ ಲೆಕ್ಕದಲ್ಲಿ ನದಿಯ ಸೆಳವನ್ನು ಸೇರಿಸದಿರುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ. ಉದಾಹರಣೆಗೆ, ನಿಂತ ನೀರಿನಲ್ಲಿ ಗಂಟೆಗೆ 10 ಕಿಲೋಮೀಟರ್ ಸಾಗುವ ದೋಣಿ, ಗಂಟೆಗೆ 4 ಕಿಲೋಮೀಟರ್ ಸೆಳವಿರುವ ಹೊಳೆಯಲ್ಲಿ 6 ಕಿಲೋಮೀಟರ್ ಕೆಳಕ್ಕೆ ಹೋಗಿ ಬರಬೇಕೆಂದು ಭಾವಿಸೋಣ. ಹೋಗುವಾಗ ಅದರ ವೇಗ 14; ಸುಮಾರು 26 ನಿಮಿಷ ಸಾಕು. ಬರುವಾಗ ವೇಗ 6. ಪೂರ್ಣ ಒಂದು ಗಂಟೆ ಬೇಕು. ಈ ನಡುವೆ ಜಲಾಶಯದಿಂದ ಹೆಚ್ಚು ನೀರು ಬಿಟ್ಟು ಸೆಳವು 8ಕ್ಕೆ ಏರಿದರೆ ಬರುವಾಗಿನ ವೇಗ 2ಕ್ಕೆ ಇಳಿದು, ಅದೇ ದೂರಕ್ಕೆ ಮೂರು ಗಂಟೆ ಹಿಡಿಯುತ್ತದೆ. ಹೋಗಲು ಬೇಕಾದಷ್ಟರ ಎರಡು ಪಟ್ಟು ಇಂಧನ ತುಂಬಿಸಿಕೊಂಡು ಹೊರಟವನು ಕತ್ತಲಲ್ಲಿ ನಡುಹೊಳೆಯಲ್ಲಿ ಉಳಿಯುತ್ತಾನೆ. ಆದುದರಿಂದ ಒಟ್ಟು ಇಂಧನದ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಆಪತ್ತಿಗೆ ಎಂಬ ನಿಯಮವನ್ನು ಪಾಲಿಸತಕ್ಕದ್ದು. ಸಾಧ್ಯವಿದ್ದಲ್ಲೆಲ್ಲ ಮೊದಲು ಸೆಳವಿಗೆ ಎದುರಾಗಿ ಸಾಗಿ, ಮರಳುವಾಗ ಸೆಳವಿನೊಂದಿಗೆ ಬರುವಂತೆ ಯೋಜಿಸುವುದು ಉತ್ತಮ. ನೀರು ಬಿಡುಗಡೆಯ ಮುನ್ಸೂಚನೆಯನ್ನು ತಹಶೀಲ್ದಾರರ ಕಚೇರಿಯಿಂದ ಅರಿತ ನಂತರವೇ ದೋಣಿ ಹೊರಡಬೇಕು.

ಹರಿವನ್ನು ದಾಟುವುದು ಮತ್ತು ದಡ ಸೇರುವುದು

ಎದುರು ದಡಕ್ಕೆ ನೇರವಾಗಿ ಮುಂತುದಿಯನ್ನು ಇಟ್ಟರೆ ದೋಣಿಯು ಕೆಳಕ್ಕೆ ಕೊಚ್ಚಿಹೋಗಿ, ಚಾಲಕನು ಎಣಿಸಿರದ ಸ್ಥಳವನ್ನು ತಲುಪುತ್ತದೆ. ಮುಂತುದಿಯನ್ನು ಸೆಳವಿನ ಮೇಲ್ಬದಿಗೆ ಓರೆಯಾಗಿ ಇಟ್ಟು, ಎದುರು ದಡದ ಎರಡು ಗುರುತುಗಳನ್ನು, ಅಂದರೆ ಒಂದು ಮರ ಮತ್ತು ಅದರ ಹಿಂದಿನ ಒಂದು ಕಂಬವನ್ನು, ಒಂದೇ ಸಾಲಿನಲ್ಲಿ ಕಾಣುವಂತೆ ನಡೆಸಬೇಕು. ಸಾಲು ತಪ್ಪಿದರೆ ದೋಣಿ ಜಾರುತ್ತಿದೆ ಎಂದರ್ಥ.

ದಡ ಸೇರುವಾಗ ಯಾವಾಗಲೂ ಸೆಳವಿಗೆ ಎದುರು ಮುಖವಾಗಿಯೇ ಬರಬೇಕು. ಆಗ ಎಂಜಿನ್ನಿನ ಬಲ ಮತ್ತು ಹೊಳೆಯ ಬಲ ಒಂದನ್ನೊಂದು ಸರಿದೂಗಿಸಿ, ದೋಣಿಯು ದಡದ ಪಕ್ಕದಲ್ಲಿ ನಿಂತಂತೆಯೇ ಇರುತ್ತದೆ. ಪಂಖ ತಿರುಗುತ್ತಿರುವುದರಿಂದ ಹತೋಟಿಯೂ ಉಳಿಯುತ್ತದೆ. ಬ್ರೇಕ್ ಇಲ್ಲದ ದೋಣಿಗೆ ಹೊಳೆಯೇ ಬ್ರೇಕ್ ಆಗುವುದು ಹೀಗೆ. ಸೆಳವಿನೊಂದಿಗೆ ಬಂದು ದಡ ಸೇರಲು ಯತ್ನಿಸಿದರೆ ಎರಡೂ ಬಲಗಳು ಕೂಡಿ ದೋಣಿಯನ್ನು ದಡಕ್ಕೆ ಅಪ್ಪಳಿಸುತ್ತವೆ.

ಮುಳುಗಿದ ಸೇತುವೆ, ಮರ ಹಾಗೂ ಬೇಲಿಗಳ ಮೇಲ್ಬದಿಯಿಂದ ದೋಣಿಯನ್ನು ಎಂದಿಗೂ ಸಮೀಪಕ್ಕೆ ಒಯ್ಯಕೂಡದು. ಎಂಜಿನ್ ಒಂದು ಕ್ಷಣ ನಿಂತರೂ ಸೆಳವು ದೋಣಿಯನ್ನು ಅವುಗಳಿಗೆ ಅಡ್ಡಲಾಗಿ ಒತ್ತಿ ಮಗುಚುತ್ತದೆ. ತಗ್ಗಿದ ವಿದ್ಯುತ್ ತಂತಿಗಳಿರುವ ಮಾರ್ಗದಲ್ಲಿ, ವಿದ್ಯುತ್ ಕಡಿತಗೊಳಿಸಿರುವುದು ಖಚಿತವಾಗುವವರೆಗೆ ದೋಣಿ ಸಾಗಬಾರದು.

ಯಾರಾದರೂ ನೀರಿಗೆ ಬಿದ್ದಾಗ

ಮೊದಲ ಕಾರ್ಯ ಗೇರನ್ನು ನ್ಯೂಟ್ರಲ್‌ಗೆ ತರುವುದು. ಅದರೊಂದಿಗೇ ಹಿಡಿಕೆಯನ್ನು ಬಿದ್ದವರಿಂದ ದೂರದ ಬದಿಗೆ ತಳ್ಳಬೇಕು. ಆಗ ಮುಂತುದಿಯು ಬಿದ್ದವರ ಕಡೆಗೆ ಹೊರಳಿ, ಪಂಖವಿರುವ ಹಿಂಬದಿಯು ಅವರಿಂದ ದೂರ ಸರಿಯುತ್ತದೆ. ಒಬ್ಬ ಸಹಾಯಕನು ಬೇರೇನನ್ನೂ ಮಾಡದೆ ಬಿದ್ದವರ ಕಡೆಗೆ ಕೈ ತೋರಿಸುತ್ತ ಕಣ್ಣಿಟ್ಟಿರಬೇಕು. ತೇಲುವ ಟ್ಯೂಬು ಅಥವಾ ಖಾಲಿ ಕ್ಯಾನನ್ನು ಎಸೆದು, ದೋಣಿಯನ್ನು ಸುತ್ತಿಸಿ, ಕೆಳಬದಿಯಿಂದ ಸೆಳವಿಗೆ ಎದುರಾಗಿ ನಿಧಾನವಾಗಿ ಸಮೀಪಿಸಬೇಕು. ಕೈಗೆ ಎಟುಕುವಷ್ಟು ಹತ್ತಿರವಾದೊಡನೆ ಎಂಜಿನ್ನನ್ನು ಪೂರ್ತಿ ನಿಲ್ಲಿಸತಕ್ಕದ್ದು. ನ್ಯೂಟ್ರಲ್‌ನಲ್ಲಿರುವುದು ಸಾಲದು, ಎಳೆದುಕೊಳ್ಳುವ ಗಡಿಬಿಡಿಯಲ್ಲಿ ಯಾರದಾದರೂ ಕೈಕಾಲು ತಗುಲಿ ಗೇರು ಬೀಳಬಹುದು. ಉಳಿದವರೆಲ್ಲ ನೋಡಲೆಂದು ಒಂದೇ ಬದಿಗೆ ಏಳದೆ, ಎದುರು ಬದಿಯಲ್ಲಿ ಕುಳಿತು ತೂಕವನ್ನು ಸರಿದೂಗಿಸಬೇಕು.

ಎಂಜಿನ್ ನಿಂತುಹೋದಾಗ

ನಡುಹೊಳೆಯಲ್ಲಿ ಎಂಜಿನ್ ನಿಂತರೆ ಚಾಲಕನು ಕೂಡಲೇ ಬಗ್ಗಿ ಹಗ್ಗ ಎಳೆಯುತ್ತ ಕೂರುವುದು ಸ್ವಾಭಾವಿಕ. ಆದರೆ ಅಷ್ಟರಲ್ಲಿ ದೋಣಿಯು ಎಷ್ಟೋ ದೂರ ಕೊಚ್ಚಿಹೋಗಿರುತ್ತದೆ. ಮೊದಲು ಹುಟ್ಟು ಅಥವಾ ಲಂಗರಿನಿಂದ ದೋಣಿಯನ್ನು ಹತೋಟಿಗೆ ತರಬೇಕು. ದುರಸ್ತಿ ನಂತರದ ಮಾತು. ಲಂಗರನ್ನು ಮುಂತುದಿಯಿಂದ ಮಾತ್ರ ಇಳಿಸತಕ್ಕದ್ದು. ಹಿಂಬದಿಯಿಂದ ಇಳಿಸಿದರೆ ಸೆಳವು ಹಿಂಬದಿಯನ್ನು ಕೆಳಕ್ಕೆಳೆದು ದೋಣಿಗೆ ನೀರು ನುಗ್ಗುತ್ತದೆ. ಬಳಿಕ ಕ್ರಮವಾಗಿ ನಿಲುಗಡೆ ಹುರಿ, ಇಂಧನ ಡಬ್ಬಿಯ ಗಾಳಿ ತಿರುಪು, ರಬ್ಬರ್ ಬುರುಡೆ, ಪಂಖಕ್ಕೆ ಸುತ್ತಿದ ಬಳ್ಳಿ ಅಥವಾ ಬಲೆ ಇವುಗಳನ್ನು ನೋಡಬೇಕು. ಪಂಖವನ್ನು ಮುಟ್ಟುವ ಮುನ್ನ ಎಂಜಿನ್ ನಿಂತಿರುವುದಷ್ಟೇ ಅಲ್ಲ, ಹುರಿಯೂ ಕಳಚಿರಬೇಕು.

ಪಂಚಾಯಿತಿಗಳ ಹೊಣೆ

ಚಾಲಕನು ಎಷ್ಟೇ ನಿಪುಣನಾದರೂ ದಡದಲ್ಲಿ ನಿಂತ ಜನರ ಒತ್ತಾಯಕ್ಕೆ ಮಣಿದರೆ ದೋಣಿ ಉಳಿಯುವುದಿಲ್ಲ. 2019ರ ಜನವರಿ 21ರಂದು ಕಾರವಾರದ ಸಮೀಪದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ, ಮಕ್ಕಳೂ ಸೇರಿದಂತೆ ಹದಿನಾರು ಜನರು ಅಸುನೀಗಿದರು. ಹೇರಬಹುದಾದ ಜನರ ಸಂಖ್ಯೆ ಮತ್ತು ಲೈಫ್ ಜಾಕೆಟ್ ಇವೆರಡರಲ್ಲಿ ಸಡಿಲಿಕೆ ಸಲ್ಲದೆಂಬ ಪಾಠವನ್ನು ಆ ದುರಂತ ಕಲಿಸಿದೆ. 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದಿರುವ ಒಳನಾಡು ಹಡಗುಗಳ ಅಧಿನಿಯಮ, 2021 ಸಹ ಯಂತ್ರಚಾಲಿತ ಯಾನಗಳ ತಪಾಸಣೆ, ನೋಂದಣಿ ಮತ್ತು ಸಿಬ್ಬಂದಿಯ ಅರ್ಹತೆಯ ಬಗ್ಗೆ ನಿಯಮಗಳನ್ನು ವಿಧಿಸುತ್ತದೆ.

ದೋಣಿಯಲ್ಲಿ ಎಷ್ಟು ಜನರು ಕೂರಬಹುದೆಂಬುದನ್ನು ಅದರ ಎರಡೂ ಬದಿಗೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಬೇಕು. ಆ ಸಂಖ್ಯೆ ತುಂಬಿದ ಮೇಲೆ ಇನ್ನೊಬ್ಬರನ್ನು ಹತ್ತಿಸಲಾಗದು ಎಂದು ಹೇಳುವ ಭಾರವನ್ನು ಚಾಲಕನೊಬ್ಬನ ಮೇಲೆ ಬಿಡದೆ, ಪಂಚಾಯಿತಿಯ ಸಿಬ್ಬಂದಿಯೊಬ್ಬರು ದಡದಲ್ಲಿ ನಿಂತು ನಿರ್ವಹಿಸಬೇಕು. ಊರಿನವರೇ ಆದ ಚಾಲಕನಿಗೆ ಅಣ್ಣ, ಮಾವ, ಚಿಕ್ಕಪ್ಪ ಎಂದು ಕರೆಯುವವರನ್ನು ತಡೆಯುವುದು ಕಷ್ಟವೆಂಬುದನ್ನು ಎಲ್ಲರೂ ಬಲ್ಲರು. ಪ್ರತಿ ಪ್ರಯಾಣದ ಸಮಯ, ಜನರ ಸಂಖ್ಯೆ, ತುಂಬಿಸಿದ ಇಂಧನ ಮತ್ತು ಕಂಡುಬಂದ ದೋಷಗಳನ್ನು ಒಂದು ವಹಿಯಲ್ಲಿ ದಾಖಲಿಸತಕ್ಕದ್ದು.

ಮುಂಗಾರಿಗೆ ಮುನ್ನ, ನೀರು ಶಾಂತವಾಗಿರುವಾಗ, ಒಂದು ಖಾಲಿ ಕ್ಯಾನನ್ನು ನೀರಿಗೆ ಎಸೆದು ಅದನ್ನು ಬಿದ್ದ ಮನುಷ್ಯನೆಂದು ಭಾವಿಸಿ ಎತ್ತಿಕೊಳ್ಳುವ ಅಭ್ಯಾಸವನ್ನು ಪ್ರತಿ ಚಾಲಕನಿಂದ ಮಾಡಿಸಬೇಕು. ವೇಗ ತಗ್ಗಿಸಿ ನ್ಯೂಟ್ರಲ್‌ಗೆ ತಂದ ನಂತರ ತನ್ನ ದೋಣಿ ಇನ್ನೆಷ್ಟು ದೂರ ಸಾಗಿ ನಿಲ್ಲುತ್ತದೆ ಎಂಬುದನ್ನು ಅವನು ಖಾಲಿ ದೋಣಿಯಲ್ಲಿ ಒಮ್ಮೆ, ಭಾರ ಹೇರಿದ ದೋಣಿಯಲ್ಲಿ ಒಮ್ಮೆ ಕಣ್ಣಾರೆ ಕಾಣಬೇಕು. ಆ ದೂರವನ್ನು ಅರಿತ ಚಾಲಕನು ದಡ ಸಮೀಪಿಸುವ ಎಷ್ಟೋ ಮುಂಚೆಯೇ ಹಿಡಿಕೆಯನ್ನು ತಗ್ಗಿಸುತ್ತಾನೆ. ನೆರೆ ಬಂದ ರಾತ್ರಿ ದೋಣಿಯಲ್ಲಿ ಕುಳಿತವರ ಪ್ರಾಣವು ಅವನ ಆ ಒಂದು ಅಭ್ಯಾಸವನ್ನು ಅವಲಂಬಿಸಿರುತ್ತದೆ.